ಟ್ರೈಬಲ್ ನೈಟ್, ರಾತ್ರಿ ಎಂಟು ಗಂಟೆಗೆ

ನ್ಯೂಜಿಲೆಂಡಿಗೆ ಹೋಗಿ ಬಂದ ನಮ್ಮ ಜನ ತಪ್ಪದೆ ಒಂದು ಮಾತು ಹೇಳ್ತಾರೆ. "ರೋಟೊರುವಾ ನೋಡಬೇಕು ಗುರು, ಏನ್ ಮೇಂಟೇನ್ ಮಾಡಿದ್ದಾರೆ! ನಮ್ಮಲ್ಲೂ ಬಿಸಿನೀರಿನ ಬುಗ್ಗೆ ಇದೆ, ಕಾಡಿದೆ, ಹೊಳೆ ಇದೆ, ಬುಡಕಟ್ಟು ಜನ ಇದ್ದಾರೆ. ನಮಗೆ ಮಾರ್ಕೆಟಿಂಗ್ ಬರಲ್ಲ ಅಷ್ಟೆ." ಬಿಸಿನೀರು ಅಂದರೆ ಪುತ್ತೂರು ಹತ್ತಿರ ಇರ್ದೆಯ ಬೆಂದ್ರ್‌ತೀರ್ಥ. ಬುಡಕಟ್ಟು ಅಂದರೆ ಯಾವುದೋ ರೆಸಾರ್ಟಿನಲ್ಲಿ ಊಟಕ್ಕೆ ಮುಂಚೆ ಕಂಡ ಕುಣಿತ. ಈ ಮಾತನ್ನು ನಾನು ಎಲೆಕ್ಟ್ರಾನಿಕ್ ಸಿಟಿಯ ಕ್ಯಾಂಟೀನಿನಲ್ಲಿ ಕೇಳಿದ್ದೇನೆ, ಬೇಗೂರಿನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಕೇಳಿದ್ದೇನೆ, ಮೊನ್ನೆ ಒಂದು ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುವಾಗಲೂ ಕೇಳಿದೆ. ಹೇಳೋರು ಒಳ್ಳೆಯವರೇ. ಮಾತು ಮಾತ್ರ ಪೂರ್ತಿ ತಪ್ಪು. ರೋಟೊರುವಾದಲ್ಲಿ ನೀವು ನೋಡಿ ಬಂದಿದ್ದು ಮಾರ್ಕೆಟಿಂಗ್ ಅಲ್ಲ ಸ್ವಾಮಿ, ಪಹಣಿ.

ಕೆಲಸದ ಮೇಲೆ ಆರು ತಿಂಗಳು ಆಕ್ಲೆಂಡಿನಲ್ಲಿದ್ದಾಗ ನಾನೂ ಹೋಗಿದ್ದೆ. ಮೂರು ಗಂಟೆ ಡ್ರೈವ್. ಊರು ಸಿಗೋ ಮೊದಲೇ ವಾಸನೆ ಸಿಗುತ್ತೆ, ಕೊಳೆತ ಮೊಟ್ಟೆಯದ್ದು. ನೆಲದೊಳಗಿಂದ ಬರುವ ಹೈಡ್ರೋಜನ್ ಸಲ್ಫೈಡ್ ಅದು. (ಬೆಳ್ಳಂದೂರು ಕೆರೆಯ ನೊರೆ ದಾಟಿ ಆಫೀಸಿಗೆ ಹೋದವನಿಗೆ ಅದೇನು ಮಹಾ ಬಿಡಿ.) ಊರೊಳಗಿನ ಪಾರ್ಕಿನಲ್ಲೇ ಬೇಲಿಯಾಚೆ ಕೆಸರು ಅಂಬಲಿಯ ಹಾಗೆ ಕೊತಕೊತ ಕುದೀತಾ ಇರುತ್ತೆ. ಪೊಹುತು ಅನ್ನೋ ಬುಗ್ಗೆ ಗಂಟೆಗೆ ಒಂದೆರಡು ಸಲ ಏಳುತ್ತೆ, ಕೆಲವು ಸಲ 30 ಮೀಟರ್ ತನಕ. ರೆಡ್‌ವುಡ್ ಮರಗಳ ಕಾಡಿನಲ್ಲಿ ಸೈಕಲ್ ಹೊಡೀಬಹುದು, ದೊಡ್ಡ ಪ್ಲಾಸ್ಟಿಕ್ ಚೆಂಡಿನೊಳಗೆ ಕೂತು ಗುಡ್ಡದಿಂದ ಉರುಳಬಹುದು, ಸಂಜೆ ಗಂಧಕದ ನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ ಕೂರಬಹುದು. ನಾನು ಮೂರೂ ಮಾಡಿದೆ. ಮೂರೂ ಚೆನ್ನಾಗಿದ್ದವು.

ಆದರೆ ಮನಸ್ಸಿನಲ್ಲಿ ಕೂತಿದ್ದು ಬೇರೆ. ಅಲ್ಲಿ ಫಾಕರೇವರೇವಾ ಅಂತ ಒಂದು ಹಳ್ಳಿ ಇದೆ. ಟಿಕೆಟ್ ಕೊಂಡು ಒಳಗೆ ಹೋಗಬೇಕು. ಹಬೆಯ ನಡುವೆ ಮನೆಗಳು. ಪ್ರದರ್ಶನಕ್ಕೆ ಕಟ್ಟಿದ್ದಲ್ಲ, ಜನ ವಾಸ ಮಾಡ್ತಾ ಇರೋವು. ಕುದಿಯುವ ಕೊಳದಲ್ಲಿ ಜೋಳದ ತೆನೆ ಇಳಿಬಿಟ್ಟು ಬೇಯಿಸ್ತಾರೆ, ನೆಲದ ಹಬೆಯಲ್ಲೇ ಮಾಂಸ, ಗೆಣಸು ಬೇಯುತ್ತೆ. ಗೈಡ್ ಆಗಿ ಬಂದಾಕೆ ಅದೇ ಊರಿನವರು. "ಇದು ನಮ್ಮ ಚಿಕ್ಕಮ್ಮನ ಮನೆ, ಆ ಕಡೆ ಫೋಟೊ ಬೇಡ" ಅಂದರು. ನಾವು ಇಪ್ಪತ್ತು ಜನ ಫೋನು ಜೇಬಿಗೆ ಹಾಕಿದೆವು. ಟಿಕೆಟ್ ಕೊಂಡ ಪ್ರವಾಸಿಗೆ 'ಬೇಡ' ಅನ್ನೋ ಧೈರ್ಯ ಅವರಿಗೆ ಎಲ್ಲಿಂದ ಬಂತು ಅಂತ ಯೋಚನೆ ಮಾಡಿ. ಸಂಜೆಯ ಕಾರ್ಯಕ್ರಮದಲ್ಲೂ ಅದೇ. ಬಂದವರು ಅಂಗಳದ ಹೊರಗೆ ನಿಲ್ಲಬೇಕು. ಒಬ್ಬ ಯೋಧ ಈಟಿ ತಿರುಗಿಸುತ್ತಾ, ಕಣ್ಣು ಕೆಕ್ಕರಿಸಿಕೊಂಡು ಬಂದು ನೆಲದ ಮೇಲೆ ಒಂದು ಎಲೆ ಇಡ್ತಾನೆ. ನಮ್ಮ ಗುಂಪಿನ ಪರವಾಗಿ ಒಬ್ಬರು ಅದನ್ನು ಎತ್ತಿಕೊಂಡರೆ ಜಗಳಕ್ಕೆ ಬಂದಿಲ್ಲ ಅಂತ ಅರ್ಥ. ಆಮೇಲೆ ಆ ಮನೆಯ ಹೆಂಗಸು ರಾಗವಾಗಿ ಕೂಗಿ ಕರೀತಾರೆ. ಅದಕ್ಕೆ 'ಕರಾಂಗಾ' ಅಂತಾರಂತೆ. ನಮ್ಮ 'ಕರೆ'ಗೂ ಅದಕ್ಕೂ ಸಂಬಂಧ ಇರಲಿಕ್ಕಿಲ್ಲ, ಆದರೂ ನನ್ನ ಕಿವಿಗೆ ಹಾಗೇ ಬಿತ್ತು. ಕರೆದ ಮೇಲೆ ಒಳಗೆ ಹೋಗೋದು, ಕರೆಯೋ ತನಕ ಚಳಿಯಲ್ಲಿ ಕಾಯೋದು. ಆಸ್ಟ್ರೇಲಿಯಾದ ಡಾಕ್ಟರೂ ಕಾದರು, ಬೇಗೂರಿನ ಸಾಫ್ಟ್‌ವೇರಿನವನೂ ಕಾದ.

ಇದು ಮೊದಲಿಂದ ಹೀಗೇ ಇತ್ತು ಅಂತ ತಿಳೀಬೇಡಿ. 1880ರ ಆಸುಪಾಸಿನಲ್ಲಿ ತರಾವೆರಾ ಬೆಟ್ಟದ ಹತ್ತಿರ ಗುಲಾಬಿ ಮತ್ತು ಬಿಳಿ ಬಣ್ಣದ ಮೆಟ್ಟಿಲು ಕೊಳಗಳಿದ್ದವು, ನೋಡಲು ಇಂಗ್ಲೆಂಡಿನಿಂದ ಹಡಗು ಹತ್ತಿ ಬರ್ತಿದ್ದರು. ದೋಣಿ, ಗೈಡು, ದರ ಎಲ್ಲ ಅಲ್ಲಿನ ತೂಹೌರಾಂಗಿ ಬಳಗದ ಮಾವೋರಿಗಳ ಕೈಲಿತ್ತು. ಆದಾಯ ಎಷ್ಟಿತ್ತೆಂದರೆ, ಅವರು ಕಟ್ಟಿದ ಹಿನೆಮಿಹಿ ಅನ್ನೋ ಸಭಾಮನೆಯ ಕೆತ್ತನೆ ಬೊಂಬೆಗಳಿಗೆ ಕಣ್ಣಿನ ಜಾಗದಲ್ಲಿ ಚಿಪ್ಪಿನ ಬದಲು ಚಿನ್ನದ ನಾಣ್ಯ ಕೂರಿಸಿದ್ದರಂತೆ. 1886ರ ಜೂನ್ 10ರಂದು ಬೆಟ್ಟ ಸಿಡೀತು. ನೂರಕ್ಕೂ ಹೆಚ್ಚು ಜನ ಸತ್ತರು, ಕೊಳಗಳು ಹೋದವು, ಉಳಿದವರು ಫಾಕರೇವರೇವಾದ ನೆಂಟರ ಹತ್ತಿರ ಬಂದು ನೆಲೆಸಿದರು. ಆ ಸಭಾಮನೆಯನ್ನು 1892ರಲ್ಲಿ ಗವರ್ನರ್ ಲಾರ್ಡ್ ಆನ್ಸ್ಲೊ ಕೊಂಡು ಇಂಗ್ಲೆಂಡಿನ ತನ್ನ ತೋಟಕ್ಕೆ ಸಾಗಿಸಿದ. ಅಷ್ಟರಲ್ಲೇ 1881ರ ಒಂದು ಕಾನೂನಿನ ಮೂಲಕ ಬಿಸಿನೀರಿನ ಭೂಮಿಯ ವ್ಯವಹಾರ ಸರ್ಕಾರದ ಮುಷ್ಟಿಗೆ ಹೋಗಿತ್ತು. 1901ರಲ್ಲಿ ಪ್ರಪಂಚದಲ್ಲೇ ಮೊದಲ ಸರ್ಕಾರಿ ಪ್ರವಾಸೋದ್ಯಮ ಇಲಾಖೆ ಶುರುವಾಗಿದ್ದು ನ್ಯೂಜಿಲೆಂಡಿನಲ್ಲಿ, ಅದರ ಕಣ್ಣು ಇದ್ದಿದ್ದು ರೋಟೊರುವಾ ಮೇಲೆ. ಅಂದರೆ ನೀವು ಹೇಳೋ 'ಮಾರ್ಕೆಟಿಂಗ್' ಅಲ್ಲಿ ನೂರಿಪ್ಪತ್ತು ವರ್ಷದಿಂದ ಇದೆ. ಅದರಲ್ಲಿ ಬಹುಪಾಲು ವರ್ಷ ಮಾವೋರಿಗಳು ಪೋಸ್ಟ್‌ಕಾರ್ಡಿನ ಮೇಲಿದ್ದರು, ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ.

ಬದಲಾಗಿದ್ದು ಜಗಳದಿಂದ. 1840ರ ವೈತಾಂಗಿ ಒಪ್ಪಂದವನ್ನು ಸರ್ಕಾರ ಎಲ್ಲೆಲ್ಲಿ ಮುರೀತು ಅಂತ ವಿಚಾರಿಸಲು 1975ರಲ್ಲಿ ಒಂದು ನ್ಯಾಯಮಂಡಳಿ ಬಂತು. ಆಮೇಲೆ ಒಂದೊಂದಾಗಿ ವಾಪಸ್ ಬಂತು. 2006ರಲ್ಲಿ ರೋಟೊರುವಾ ಸುತ್ತಲಿನ 13 ಸರೋವರಗಳ ತಳದ ನೆಲ ತೆ ಅರಾವಾ ಬಳಗಗಳಿಗೆ. 2008ರಲ್ಲಿ ಉತ್ತರ ದ್ವೀಪದ ನಡುಭಾಗದ ಸುಮಾರು 1,76,000 ಹೆಕ್ಟೇರ್ ನೆಡುತೋಪಿನ ಭೂಮಿ ಎಂಟು ಬಳಗಗಳಿಗೆ. ಪೊಹುತು ಬುಗ್ಗೆಯ ಪಕ್ಕದಲ್ಲಿ 1963ರ ಕಾಯ್ದೆಯಿಂದ ಹುಟ್ಟಿದ ಕೆತ್ತನೆ ಶಾಲೆ ಇದೆ, ಅದೂ 2020ರಲ್ಲಿ ಸರ್ಕಾರದ ಕೈಯಿಂದ ಸ್ಥಳೀಯ ಬಳಗಗಳ ಕೈಗೆ ಹೋಯ್ತು. ಸರೋವರದ ತಳ ಯಾರದು, ಮರದ ಬುಡದ ನೆಲ ಯಾರದು, ಟಿಕೆಟ್ ಕೌಂಟರ್ ಯಾರದು, ಇಷ್ಟನ್ನೂ ಕಾಗದದ ಮೇಲೆ ಬರೆಸಿಕೊಂಡವರ ಮನೆಯಾಕೆ ನನಗೆ "ಫೋಟೊ ಬೇಡ" ಅಂದಿದ್ದು.

ಅಲ್ಲೆಲ್ಲ ಸ್ವರ್ಗ ಅಂತ ನಾನು ಹೇಳ್ತಿಲ್ಲ. ಅದೇ ಹಳ್ಳಿಯ ಸೇತುವೆ ಮೇಲಿಂದ ಪ್ರವಾಸಿಗಳು ಕಾಸು ಎಸೀತಾರೆ, ಮಕ್ಕಳು ನೀರಿಗೆ ಹಾರಿ ಹೆಕ್ತಾರೆ. ಹಳೇ ಸಂಪ್ರದಾಯವಂತೆ, ನನಗೆ ನೋಡಲು ಆಗಲಿಲ್ಲ. 2024ರ ನವೆಂಬರಿನಲ್ಲಿ ಸಂಸದೆ ಹಾನಾ ಮೈಪಿ-ಕ್ಲಾರ್ಕ್ ಪಾರ್ಲಿಮೆಂಟಿನಲ್ಲಿ ಮಸೂದೆಯ ಪ್ರತಿ ಹರಿದು ಹಾಕಾ ಶುರು ಮಾಡಿದ ವಿಡಿಯೊ ನಮ್ಮ ಆಫೀಸಿನ ಗ್ರೂಪಿಗೂ ಬಂದಿತ್ತು, ನೆನಪಿದೆಯಾ? ಎಲ್ಲರೂ ಬೆಂಕಿ ಇಮೋಜಿ ಹಾಕಿದರು. ಆ ಮಸೂದೆ ವೈತಾಂಗಿ ಒಪ್ಪಂದದ ಅರ್ಥವನ್ನೇ ಕುಗ್ಗಿಸೋಕೆ ಹೊರಟಿತ್ತು, 2025ರ ಏಪ್ರಿಲಿನಲ್ಲಿ ಬಿತ್ತು. ಅಂದರೆ ಕೊಟ್ಟಿದ್ದನ್ನು ಕಿತ್ತುಕೊಳ್ಳುವ ಪ್ರಯತ್ನ ಅಲ್ಲೂ ನಿಂತಿಲ್ಲ. ಬೆಂಕಿ ಇಮೋಜಿ ಹಾಕಿದ ಅದೇ ಗ್ರೂಪು ಮುಂದಿನ ತಿಂಗಳು ಟೀಮ್ ಔಟಿಂಗಿಗೆ ಕಬಿನಿ ಅಂತ ವೋಟ್ ಹಾಕಿತು.

ಸರಿ, ಕಬಿನಿಗೆ ಬನ್ನಿ. ಟೆಂಪೋ ಟ್ರಾವೆಲರ್, ಮದ್ದೂರಿನಲ್ಲಿ ವಡೆ, ಎಚ್.ಡಿ. ಕೋಟೆ ದಾಟಿದ ಮೇಲೆ ಹಿನ್ನೀರು. ಚೆಕ್-ಇನ್ ಮಾಡುವಾಗ ಕೈಗೆ ಕೊಟ್ಟ ಚೀಟಿಯಲ್ಲಿ ಹೀಗಿತ್ತು: ನಾಲ್ಕಕ್ಕೆ ಜಿಪ್‌ಲೈನ್, ಆರಕ್ಕೆ ಹೈ ಟೀ, ಎಂಟಕ್ಕೆ ಟ್ರೈಬಲ್ ನೈಟ್, ಒಂಬತ್ತಕ್ಕೆ ಬಫೆ. ಎಂಟಕ್ಕೆ ಬೆಂಕಿ ಹಾಕಿದರು. ಸೊಪ್ಪಿನ ಲಂಗ ಕಟ್ಟಿಕೊಂಡು, ಮುಖಕ್ಕೆ ಕಪ್ಪು ಬಿಳಿ ಬಳಿದುಕೊಂಡು ಎಂಟು ಜನ ಬಂದರು. ಮೈಕ್ ಹಿಡಿದ ಹುಡುಗ "ಮೇಕ್ ಸಮ್ ನಾಯ್ಸ್" ಅಂದ. ನಮ್ಮವರು ಮಾಡಿದರು. ಮೂರನೇ ಕುಣಿತಕ್ಕೆ ಟೀಮಿನವರೂ ಒಳಗೆ ನುಗ್ಗಿ ಅವರ ಹೆಗಲ ಮೇಲೆ ಕೈ ಹಾಕಿ ರೀಲ್ಸ್ ಮಾಡಿಕೊಂಡರು. ಯಾರನ್ನೂ ಕೇಳಲಿಲ್ಲ, ಕಾಯಲೂ ಇಲ್ಲ.

ನನ್ನೂರು ಅಲ್ಲಿಂದ ದೂರ ಅಲ್ಲ, ಪಿರಿಯಾಪಟ್ಟಣದ ಕಡೆ. ತಂಬಾಕಿನ ಸೀಸನ್ನಿಗೆ ನಮ್ಮ ಹೊಲಗಳಿಗೆ ಹಾಡಿಯಿಂದ ಜೇನುಕುರುಬರು ಕೂಲಿಗೆ ಬರ್ತಿದ್ದರು, ಬೆಳಿಗ್ಗೆ ಜೀಪಿನಲ್ಲಿ ನಿಂತುಕೊಂಡು ಕೊಡಗಿನ ತೋಟಗಳಿಗೆ ಹೋಗ್ತಿದ್ದರು. ಒಂದನೇ ಕ್ಲಾಸಿಗೆ ನನ್ನ ಜೊತೆ ಸೇರಿದ ಹಾಡಿ ಹುಡುಗರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತವರು ಯಾರೂ ಇಲ್ಲ. ಆ ಭಾಷೆ ಕಿವಿಗೆ ಗೊತ್ತಿತ್ತು. ಕುಣಿತ ಮುಗಿದ ಮೇಲೆ ನೀರು ಕುಡೀತಾ ನಿಂತವರ ಹತ್ತಿರ ಹೋಗಿ "ಯಾವ ಹಾಡಿ ಅಣ್ಣ?" ಅಂದೆ. ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. "ಅಪ್ಪನ ಕಾಲ್ದಲ್ಲಿ ಒಳಗಿತ್ತು ಬುದ್ದಿ, ಈಗ ರೋಡ್ ಪಕ್ಕ" ಅಂದರು. ಸೊಪ್ಪಿನ ಲಂಗ ತೋರಿಸಿ ಇದನ್ನೆಲ್ಲ ನೀವು ಹಾಡಿಯಲ್ಲಿ ಕಟ್ತೀರಾ ಅಂತ ಕೇಳಿದೆ. ನಕ್ಕರು. "ಇದು ರೆಸಾರ್ಟ್‌ನೋರ್ದು. ಬಿಚ್ಚಿ ಕೊಟ್ ಹೋಗ್ಬೇಕು."

ಆ 'ಬುದ್ದಿ' ಅನ್ನೋ ಪದ ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವರಿಗೆ ಅರ್ಥ ಆಗಲಿಕ್ಕಿಲ್ಲ. ಹಳೇ ಮೈಸೂರು ಕಡೆ ಜಮೀನಿನವರಿಗೆ ಕೂಲಿಯವರು ಹೇಳೋ ಪದ ಅದು. ಕೀಬೋರ್ಡ್ ಕುಟ್ಟಿ ಬದುಕುವ ನನಗೆ ಅವರು ಹಾಗೆ ಅಂದಿದ್ದು ನನ್ನ ಮುಖ ನೋಡಿ ಅಲ್ಲ, ನಾನು ಬೆಂಕಿಯ ಯಾವ ಪಕ್ಕ ಕೂತಿದ್ದೆ ಅನ್ನೋದು ನೋಡಿ.

ಈ ಜನರ ನಿಜವಾದ ಹಬ್ಬ ನೋಡಬೇಕಾದರೆ ಮೇ ತಿಂಗಳಲ್ಲಿ ತಿತಿಮತಿ ಹತ್ತಿರದ ದೇವರಪುರಕ್ಕೆ ಹೋಗಬೇಕು. ಕುಂಡೆ ಹಬ್ಬ. ತಮ್ಮನ್ನು ಕಾಡಿನಲ್ಲಿ ಬಿಟ್ಟು ಹೆಣ್ಣಿನ ಹಿಂದೆ ಹೋದ ಅಂತ ದೇವರಿಗೇ ವೇಷ ಕಟ್ಟಿಕೊಂಡು ಬಾಯ್ತುಂಬ ಬೈಯುವ ಹಬ್ಬ ಅದು. ದಾರಿಯಲ್ಲಿ ಸಿಕ್ಕವರಿಗೂ ಬೈಗುಳ ತಪ್ಪದು, ಕಾಸು ಕೊಟ್ಟರೂ ಬೈತಾರೆ. ಹಾಕಾ ಕೂಡ ಬರೀ ಸ್ವಾಗತದ ಡಾನ್ಸ್ ಅಲ್ಲ, ಎದುರಿಗೆ ನಿಂತವನ ಮುಖಕ್ಕೆ ಹಾಕುವ ಸವಾಲೂ ಹೌದು. ಮಾವೋರಿಗಳು ಸವಾಲನ್ನು ಟಿಕೆಟ್ ಕೊಂಡವನ ಮುಖಕ್ಕೇ ಹಾಕ್ತಾರೆ. ನಮ್ಮ ರೆಸಾರ್ಟಿನವರು ಬೈಗುಳ ತೆಗೆದು ಸೊಪ್ಪು ಸೇರಿಸಿದ್ದಾರೆ.

'ಒಳಗಿತ್ತು' ಅಂದರಲ್ಲ, ಅದರ ಕಥೆ ಇದು. 1972ರ ವನ್ಯಜೀವಿ ಕಾಯ್ದೆ, 1974ರ ಕಬಿನಿ ಅಣೆಕಟ್ಟು, ಆಮೇಲೆ ನಾಗರಹೊಳೆ ರಾಷ್ಟ್ರೀಯ ಉದ್ಯಾನ. ಒಂದಾದ ಮೇಲೊಂದು ಬಂದು ಹಾಡಿಗಳನ್ನು ಹೊರಗೆ ತಳ್ಳುತ್ತಾ ಹೋದವು. ಹೈಕೋರ್ಟ್ ನೇಮಿಸಿದ, ಪ್ರೊ. ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ನಾಗರಹೊಳೆಯಿಂದ ಹೊರಬಿದ್ದು ಪುನರ್ವಸತಿ ಸಿಗಬೇಕಾದ ಕುಟುಂಬಗಳ ಲೆಕ್ಕ 3,418. ಹೆಂಚಿನ ಮನೆ ಕಟ್ಟಲು ಬಿಡದ ಅದೇ ಕಾಡಿನಲ್ಲಿ, ಮುರ್ಕಲ್ ಅನ್ನೋ ಜಾಗದಲ್ಲಿ, 1990ರ ದಶಕದಲ್ಲಿ ಸರ್ಕಾರ ತಾಜ್ ಗುಂಪಿನ ಹೋಟೆಲಿಗೆ ಲೀಸ್ ಕೊಟ್ಟಿತ್ತು. ಹಾಡಿ ಜನ ಬೀದಿಗಿಳಿದರು, ಕೋರ್ಟಿಗೂ ಹೋಯ್ತು, 1997ರಲ್ಲಿ ಹೈಕೋರ್ಟ್ ಆ ಲೀಸ್ ಕಾನೂನಿಗೆ ವಿರುದ್ಧ ಅಂತ ನಿಲ್ಲಿಸ್ತು. ಈ ಪ್ರಕರಣ ನಮ್ಮ ಯಾವ ಪಠ್ಯಪುಸ್ತಕದಲ್ಲೂ ನಾನು ಓದಲಿಲ್ಲ. ವೈತಾಂಗಿ ಬಗ್ಗೆ ಮಾತ್ರ ಮ್ಯೂಸಿಯಂನ ಬೋರ್ಡಿನಲ್ಲಿ ಓದಿ ಬಂದೆ.

ಇಲ್ಲಿಗೆ ಬಂದಾಗ ಗೆಳೆಯರು "ಹುಲಿ ಉಳೀಬೇಕಲ್ವಾ?" ಅಂತಾರೆ. ಉಳೀಬೇಕು. ಆದರೆ ಬೆಳಿಗ್ಗೆ ಆರಕ್ಕೆ ಕಾಡಿನ ಗೇಟಿನ ಮುಂದೆ ಸಾಲುಗಟ್ಟುವ ಸಫಾರಿ ಜೀಪುಗಳಿಂದ ಹುಲಿಗೆ ತೊಂದರೆ ಇಲ್ಲ, ಜೇನು ಕೀಳುವ ಮುದುಕನಿಂದ ಮಾತ್ರ ತೊಂದರೆ ಅನ್ನೋ ಲೆಕ್ಕ ನನಗೆ ಹತ್ತಲ್ಲ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿನ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅದು ಮೊದಲು. ಹುಲಿಗಳೇನೂ ಬೆಟ್ಟ ಬಿಟ್ಟು ಓಡಲಿಲ್ಲ. ನಮ್ಮ ರಾಜ್ಯದಲ್ಲೇ, ಬೇಗೂರಿನಿಂದ ಅರ್ಧ ದಿನದ ದಾರಿಯಲ್ಲಿ ಆಗಿರೋ ಕೆಲಸ ಇದು. ಇದಕ್ಕೆ ನ್ಯೂಜಿಲೆಂಡಿನ ವೀಸಾ ಬೇಡ.

"ಅವರೇ ಹೊರಗೆ ಬರೋಕೆ ಒಪ್ಪಿದ್ದಾರಲ್ಲ, ಪ್ಯಾಕೇಜ್ ಕೊಡ್ತಾರಂತೆ" ಅನ್ನೋದು ಇನ್ನೊಂದು ಮಾತು. ಕೆಲವರು ಒಪ್ಪಿದ್ದಾರೆ, ಅದು ನಿಜ. ಶಾಲೆ, ಆಸ್ಪತ್ರೆ, ಆನೆ ಕಾಟ, ಕಾರಣಗಳೂ ನಿಜ. ಹೋಗಬೇಕು ಅನ್ನೋರನ್ನು ಕಾಡಿನಲ್ಲಿ ಕಟ್ಟಿಹಾಕಿ ಅಂತ ಯಾರೂ ಹೇಳ್ತಿಲ್ಲ. ಆದರೆ ಪ್ಯಾಕೇಜ್ ಕುಟುಂಬಕ್ಕೆ 15 ಲಕ್ಷ. ಬೇಗೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ತಗೊಳ್ಳೋರು ಸಾಲಕ್ಕೆ ಮುಂಚೆ ಕೈಯಿಂದ ಹಾಕೋ ದುಡ್ಡು ಹೆಚ್ಚುಕಡಿಮೆ ಅಷ್ಟು. ಅದಕ್ಕೆ ಬದಲಾಗಿ ಅವರು ಬಿಡೋದು ಪೂರ್ತಿ ಕಾಡು. ಒಪ್ಪದೆ ಇರೋರೂ ಇದ್ದಾರೆ. 2025ರ ಮೇ ತಿಂಗಳಲ್ಲಿ 50ಕ್ಕೂ ಹೆಚ್ಚು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ, ದಶಕಗಳ ಹಿಂದೆ ತಮ್ಮವರನ್ನು ಎಬ್ಬಿಸಿದ ಜಾಗಕ್ಕೆ, ವಾಪಸ್ ನಡೆದು ಹೋಗಿ ಗುಡಿಸಲು ಹಾಕಿದವು. ಅರಣ್ಯ ಇಲಾಖೆ, ಪೊಲೀಸು ಎಲ್ಲ ಬಂದರು. ಆ ವಾರ ನಮ್ಮ ಆಫೀಸಿನ ಗ್ರೂಪಿನಲ್ಲಿ ಐಪಿಎಲ್ ಬಿಟ್ಟು ಏನೂ ಇರಲಿಲ್ಲ. ಬೆಂಕಿ ಇಮೋಜಿ ಯಾರ ಹತ್ತಿರವೂ ಉಳಿದಿರಲಿಲ್ಲ ಅಂತ ಕಾಣುತ್ತೆ.

ಇನ್ನು ಕೆಲವರಿಗೆ ಹಕ್ಕುಪತ್ರ, ಭೂಮಿ ಅಂದಕೂಡಲೇ ಇದೆಲ್ಲ ಎನ್‌ಜಿಒಗಳು ಹೊರಗಿಂದ ತಂದ ವಿಚಾರ ಅನ್ನಿಸುತ್ತೆ. ಅಂಥವರು ನಮ್ಮ ಬೇಗೂರಿನ ಕಲ್ಲು ನೋಡಲಿ. ಬೆಂಗಳೂರಿನ ಹೆಸರಿರೋ ಅತಿ ಹಳೆಯ ಶಾಸನ, ಸುಮಾರು 890ರದ್ದು, ಇಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿದೆ ಅಂತ ಎಲ್ಲರೂ ಹೆಮ್ಮೆಯಿಂದ ಹೇಳ್ತಾರೆ, ಭಾನುವಾರ ಹೆರಿಟೇಜ್ ವಾಕ್ ಮಾಡ್ತಾರೆ. ಇದೇ ಊರಿನ ಇನ್ನೊಂದು ಕಲ್ಲು ಕಸ್ತೂರ್ಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ನಾಗತ್ತರ ಅನ್ನೋ ವೀರ ಯುದ್ಧದಲ್ಲಿ ಸತ್ತಿದ್ದನ್ನು ಹೇಳುವ ಗಂಗರ ಕಾಲದ ವೀರಗಲ್ಲು. ಆನೆ, ಕುದುರೆ, ಬಿಲ್ಲುಗಾರರ ಕೆತ್ತನೆ ಅದ್ಭುತವಾಗಿದೆ, ಎಲ್ಲರೂ ಅದರ ಫೋಟೊ ತೆಗೀತಾರೆ. ಅಕ್ಷರ ಓದಿದರೆ ಕೊನೆಗಿರೋದು ಜಮೀನಿನ ವಿಷಯ. ಬೆಂಪೂರು ಹನ್ನೆರಡು, ಅಂದರೆ ನಮ್ಮ ಬೇಗೂರೂ ಸೇರಿ ಹನ್ನೆರಡು ಊರನ್ನು, ಇರುಗ ಅನ್ನೋನಿಗೆ ಕಲ್ನಾಡಾಗಿ ಕೊಟ್ಟಿದ್ದು, ಊರುಗಳ ಹೆಸರಿನ ಸಮೇತ. ಕಲ್ಲು ಕಡೆದವನಿಗೆ ಬರೀ ಕುದುರೆ ಕೆತ್ತಿ ಬಿಟ್ಟರೆ ಸಾಲದು, ನೆಲ ಯಾರದು ಅಂತ ಬರೀಬೇಕು ಅನ್ನೋದು ಸಾವಿರದ ನೂರು ವರ್ಷದ ಹಿಂದೆ ಗೊತ್ತಿತ್ತು. ಹಾಡಿಯವರು ಕೇಳ್ತಿರೋದೂ ಅಂಥದ್ದೇ ಒಂದು ಬರಹ. 2006ರ ಕಾಯ್ದೆ ಅದಕ್ಕೆ ಜಾಗ ಬಿಟ್ಟಿದೆ. ಅರ್ಜಿಗಳನ್ನು ತಿರಸ್ಕರಿಸೋದು, ಬಾಕಿ ಇಡೋದು ಮಾತ್ರ ನಡೀತಾನೇ ಇದೆ.

ಕುಣಿದರೆ ಅವರಿಗೂ ನಾಲ್ಕು ಕಾಸು ಸಿಗುತ್ತಲ್ಲ ಅನ್ನೋ ವಾದವನ್ನು ನಾನು ತಳ್ಳಿಹಾಕಲ್ಲ. ಕೂಲಿಗಿಂತ ಕುಣಿತ ಹಗುರ ಅಂತ ಅವರೇ ಹೇಳಿದರೆ ನಾನ್ಯಾರು ಬೇಡ ಅನ್ನೋಕೆ? ಆದರೆ ಈ ರಾಜ್ಯದಲ್ಲಿ ಕುಣಿಸೋದನ್ನೇ ನಿಲ್ಲಿಸಲು ಒಂದು ಕಾನೂನು ಬೇಕಾಯ್ತು ಅನ್ನೋದು ನೆನಪಿರಲಿ. ದಕ್ಷಿಣ ಕನ್ನಡ, ಉಡುಪಿ ಕಡೆ ಕೊರಗರಿಗೆ ಡೋಲು ಬಾರಿಸಲು ಬಲವಂತ ಮಾಡೋದನ್ನೂ ಸೇರಿಸಿ ಅಜಲು ಪದ್ಧತಿಯನ್ನು ನಿಷೇಧಿಸಿದ ಕಾಯ್ದೆ ಬಂದಿದ್ದು 2000ದಲ್ಲಿ. ಡೋಲಿನಲ್ಲಿ ತಪ್ಪಿಲ್ಲ. ಬಾರಿಸಲ್ಲ ಅನ್ನೋಕೆ ಆಗದವನ ಕೈಯಲ್ಲಿ ಡೋಲು ಇದ್ದಾಗ ಅದನ್ನು ಸಂಸ್ಕೃತಿ ಅಂತ ಕರೆದು ಚಪ್ಪಾಳೆ ತಟ್ಟೋದಿದೆಯಲ್ಲ, ಅದು ತಪ್ಪು. ಟ್ರೈಬಲ್ ನೈಟಿನಲ್ಲಿ ಸೊಪ್ಪಿನ ಲಂಗ ಬೇಡ ಅಂತ ಅವರಲ್ಲಿ ಯಾರಾದರೂ ಅಂದರೆ ನಾಳೆಯಿಂದ ಬೇರೆ ಎಂಟು ಜನ ಬರ್ತಾರೆ, ಅಷ್ಟೆ.

ನಾವು ಸುಮ್ಮನೆ ನೋಡುಗರಲ್ಲ ಸ್ವಾಮಿ, ಗಿರಾಕಿಗಳು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಿಂದ ಹೋಗೋ ಟೆಂಪೋ ಟ್ರಾವೆಲರ್‌ಗಳು ನಿಂತರೆ ಆ ಸೀಸನ್ನೇ ನಿಲ್ಲುತ್ತೆ. ಗೂಗಲ್ ರಿವ್ಯೂನಲ್ಲಿ ಪನೀರ್ ಗಟ್ಟಿ ಇತ್ತು, ವೈಫೈ ನಿಧಾನ ಇತ್ತು ಅಂತ ನಾಲ್ಕು ಪ್ಯಾರಾ ಬರೀತೀವಿ. ಕುಣಿದವರಿಗೆ ರಾತ್ರಿಗೆ ಎಷ್ಟು ಕೊಟ್ಟರು ಅಂತ ಒಂದು ಸಾಲು ಕೇಳೋಕೆ ನಾಲಿಗೆ ಏಳಲ್ಲ.

ಮುಂದಿನ ಔಟಿಂಗಿಗೆ ಎಚ್ಆರ್ ಕಳಿಸಿದ ಪಟ್ಟಿಯಲ್ಲಿ ಹಿನ್ನೀರಿನ ಪಕ್ಕದ ಇನ್ನೊಂದು ರೆಸಾರ್ಟ್ ಇತ್ತು. ಬುಕಿಂಗ್ ಜವಾಬ್ದಾರಿ ನನ್ನ ತಲೆಗೆ ಬಂದಿದ್ದರಿಂದ ಅವರಿಗೆ ಮೇಲ್ ಹಾಕಿದೆ. ನಿಮ್ಮಲ್ಲಿ ಜೇನುಕುರುಬರು, ಬೆಟ್ಟಕುರುಬರು ಎಷ್ಟು ಜನ ಸಂಬಳದ ಕೆಲಸದಲ್ಲಿದ್ದಾರೆ, ಗಾರ್ಡನ್ ಮತ್ತು ಕುಣಿತ ಬಿಟ್ಟು ಬೇರೆ ಯಾವ ಕೆಲಸದಲ್ಲಿದ್ದಾರೆ, ಈ ಜಾಗದಲ್ಲಿ ಮೊದಲು ಯಾರಿದ್ದರು, ಕುಣಿದ ರಾತ್ರಿಗೆ ತಲೆಗೆ ಎಷ್ಟು ಕೊಡ್ತೀರಿ ಅಂತ ಕೇಳಿದೆ. ಎರಡು ದಿನಕ್ಕೆ ಬಹಳ ವಿನಯವಾದ ಉತ್ತರ ಬಂತು. ನಮ್ಮ ಆಸಕ್ತಿಗೆ ಧನ್ಯವಾದ ಹೇಳಿದ್ದರು. ಕನಿಷ್ಠ 20 ಜನರ ಗುಂಪಿದ್ದು, 48 ಗಂಟೆ ಮುಂಚೆ ತಿಳಿಸಿದರೆ ಟ್ರೈಬಲ್ ಡಾನ್ಸ್ ಏರ್ಪಾಡು ಮಾಡ್ತಾರಂತೆ. ಜಿಎಸ್‌ಟಿ ಬೇರೆ.